ಕಡಲು ವಾಪಸು ಕೊಟ್ಟ ಜಾಗ

ಆ ವರ್ಷ, ಎರಡು ಸಾವಿರದ ಎಂಟರಲ್ಲಿ, ನವೆಂಬರಿನ ಮಳೆ ರಾಯಪುರಂ ಬೀದಿಗಳನ್ನು ಮೊಣಕಾಲ ಮಟ್ಟಕ್ಕೆ ತುಂಬಿಸಿಬಿಟ್ಟಿತ್ತು. ಬಂದರಿನ ಲಾರಿಗಳು ನಿಂತಲ್ಲೇ ನಿಂತಿದ್ದವು. ಹಡಗುಕಟ್ಟೆಯ ಕೆಲಸದವರು ಬಂದಿರಲಿಲ್ಲ. ಮನೀಶನ ಹೋಟೆಲಿನಲ್ಲಿ ರುಬ್ಬಿಟ್ಟ ದೋಸೆಹಿಟ್ಟು ಕೇಳುವವರಿಲ್ಲದೆ ಪಾತ್ರೆಯ ಅಂಚಿಗೆ ಉಬ್ಬಿ ನಿಂತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟೂ ಹೋಯಿತು. ಎಂಬತ್ತರ ಹತ್ತಿರದ ಅಕ್ಕು ಎದ್ದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಶಟರು ಇಳಿಸು ಎಂದು ಅಡುಗೆಯ ಐತಪ್ಪನಿಗೆ ಹೇಳಿದಳು.

ಅಕ್ಕು ಮನೀಶನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಉಡುಪಿ ಕಡೆಯ ಊರು ಬಿಟ್ಟು, ಅಣ್ಣ ಕಿಟ್ಟಣ್ಣ ನಡೆಸುತ್ತಿದ್ದ ಈ ಹೋಟೆಲಿಗೆ ಬಂದವಳು. ಅವಳು ರುಬ್ಬಿದ ಚಟ್ನಿಯ ಮೇಲೆಯೇ ಹೋಟೆಲು ನಿಂತಿದೆ ಎಂದು ಹಳೆಯ ಗಿರಾಕಿಗಳು ಈಗಲೂ ಹೇಳುತ್ತಾರೆ. ಇವತ್ತು ಮಧ್ಯಾಹ್ನದಿಂದ ಅವಳ ಮುಖ ಕೆಂಡವಾಗಿತ್ತು. ಕಾಫಿ ಕೊಟ್ಟರೆ ಬೇಡ ಎಂದಳು, ಮಾತಾಡಿಸಿದರೆ ಮುಖ ತಿರುಗಿಸಿದಳು.

ಕಾರಣ ಏನೆಂದು ಮನೀಶನ ಹೆಂಡತಿ ನಮಿತಾಳಿಗೆ ಗೊತ್ತಿತ್ತು. ಬೀದಿಯ ತುದಿಯಲ್ಲಿ, ಕಡಲಿಗೆ ಅಡ್ಡಲಾಗಿ ಕಟ್ಟಿದ ಬಂಡೆಗಳ ಗೋಡೆಯ ಆಚೆಗೆ, ಎರಡು ಮೂರು ವರ್ಷಗಳಿಂದ ಹೊಸ ಮರಳು ಬಂದು ಬಿದ್ದಿತ್ತು. ಅಲ್ಲಿ ಹಿಂದೆ ಮನೀಶನ ದೊಡ್ಡಪ್ಪ ಕಿಟ್ಟಣ್ಣನ ಜಾಗವಿತ್ತು, ಅದನ್ನು ಕಡಲು ತಿಂದಿತ್ತು. ಈಗ ಕಡಲೇ ವಾಪಸು ಕೊಟ್ಟಿದೆ ಎಂದು ಮನೀಶ್ ಕಳೆದ ವಾರ ಮನೆ ಕಟ್ಟಲು ಸರ್ವೆಮರದ ಕಂಬ ನೆಟ್ಟು ಬಂದಿದ್ದ. ಮಳೆ ಬಿಟ್ಟರೆ ನಾಳೆ ಚಾವಣಿಯ ತಗಡಿನವರು ಬರುವವರಿದ್ದರು.

ಆ ಜಾಗ ಬೇಕು ಎಂದು ಹಟ ಹಿಡಿದವಳು ನಮಿತಾ. ಮದುವೆಯಾಗಿ ಬಂದಂದಿನಿಂದ ಹೋಟೆಲಿನ ಅಡುಗೆಮನೆಯ ಮೇಲಿನ ಅಟ್ಟದಲ್ಲೇ ಅವರ ಸಂಸಾರ. ಕೆಳಗಿನಿಂದ ಹೊಗೆ, ಒಗ್ಗರಣೆಯ ಘಾಟು, ಬೆಳಗಿನ ಜಾವದಿಂದ ಪಾತ್ರೆಯ ಸದ್ದು. ಮಗಳು ಪಾವನಾ ಹುಟ್ಟಿ ಎರಡನೇ ಕ್ಲಾಸಿಗೆ ಬಂದರೂ ನಮಿತಾಳಿಗೆ ತನ್ನದು ಎನ್ನುವ ಒಂದು ಒಲೆ ಇರಲಿಲ್ಲ. ಮೂರು ಹೊತ್ತೂ ಹೋಟೆಲಿನ ಊಟ. ಇವತ್ತು ಬೆಳಿಗ್ಗೆ ಮನೀಶ್ ತರಕಾರಿಗೆ ಕೋಯಂಬೇಡು ಮಾರ್ಕೆಟಿಗೆ ಹೋದಾಗ, ಮಳೆ ಸ್ವಲ್ಪ ಹೊಳವಾದದ್ದು ನೋಡಿ, ಅವಳು ಒಬ್ಬಳೇ ಬಂಡೆ ದಾಟಿ ಹೋಗಿ ಆ ಮರಳಿನ ಮೇಲೆ ನಿಂತು, ಒಲೆ ಇಲ್ಲಿ ಎಂದು ಮೂರು ಕಲ್ಲು ಇಟ್ಟು ಬಂದಿದ್ದಳು. ಯಾರಿಗೂ ಹೇಳಿರಲಿಲ್ಲ. ಆ ಖುಷಿ ಇನ್ನೂ ಅವಳ ಎದೆಯಲ್ಲಿತ್ತು.

ಎಮರ್ಜೆನ್ಸಿ ದೀಪದ ಸುತ್ತ ಎಲ್ಲರೂ ಬೆಂಚು ಎಳೆದುಕೊಂಡು ಕೂತರು. ಪಾವನಾ ಮುದುಕಿಯ ತೊಡೆಗೆ ಒರಗಿ, "ಪಾಟಿ, ಒರು ಪೇಯ್ ಕದೆ ಸೊಲ್ಲು" ಎಂದಳು.

"ನಮ್ಮ ಭಾಷೆಯಲ್ಲಿ ಕೇಳಿದ್ರೆ ಹೇಳ್ತೇನೆ."

"ದೆವ್ವದ್ದು... ಕತೆ."

"ದೆವ್ವದ ಕತೆಯಾ? ಹೇಳ್ತೇನೆ, ಬಾ. ಇವತ್ತು ನೀನು ಕೇಳದಿದ್ರೂ ಹೇಳ್ತಿದ್ದೆ." ಅಕ್ಕು ಮನೀಶನ ಕಡೆಗೆ ಕಣ್ಣು ಎತ್ತಿದಳು. "ನಿನ್ನ ಅಪ್ಪನೂ ಕೇಳ್ಬೇಕು. ಮನೀಶಾ, ಆ ಫೋನು ಕೆಳಗಿಡು ಮಾರಾಯಾ, ಇಡು! ನಿನ್ನ ದೊಡ್ಡಪ್ಪ ಹೇಗೆ ಸತ್ತ?"

"ಬಂಡೆ ಮೇಲಿಂದ ಜಾರಿ," ಎಂದ ಮನೀಶ್. "ಎಲ್ಲರಿಗೂ ಗೊತ್ತಿರುವುದೇ."

"ಹೌದು, ಎಲ್ಲರಿಗೂ ಹಾಗೇ ಹೇಳಿದ್ದು... ಊರಿಗೆ ಬೇರೆ ಎಂತ ಹೇಳುದು? ಈಗ ಕೇಳು."

ಮಳೆ ಶಟರಿನ ಮೇಲೆ ಬಡಿಯುತ್ತಿತ್ತು. ಅಕ್ಕು ಸೆರಗನ್ನು ಹೊದ್ದುಕೊಂಡು ಶುರು ಮಾಡಿದಳು.

"ಮೊದಲು ಒಂದು ಸಂಗತಿ ತಿಳ್ಕೊಳ್ಳಿ. ಕಡಲು ಕೆಟ್ಟದ್ದಲ್ಲ. ಕಡಲಿಗೆ ಬೈಯುವವರನ್ನು ಕಂಡ್ರೆ ನನಗೆ ಮೈಯೆಲ್ಲ ಉರೀತದೆ. ಸುನಾಮಿ ಬಂದಾಗ ಬೈದದ್ದು ಬೇರೆ, ಅದು ಹೆದರಿಕೆ, ಸಂಕಟ... ಆದ್ರೆ ದಿನಾ ಅದು ಮಾಡುವ ಕೆಲಸ ಎಂತ, ಗೊತ್ತುಂಟಾ? ಮರಳು ಹೊರುದು. ವರ್ಷದ ಹೆಚ್ಚಿನ ತಿಂಗಳು ತೆರೆ ತೆಂಕಿನಿಂದ ಓರೆಯಾಗಿ ಬಂದು ಬಡೀತದೆ, ಬಡಿದು ಬಡಿದು ದಡದ ಮರಳನ್ನು ಒಂದೊಂದು ಹಿಡಿ ಬಡಗಿಗೆ ದೂಡ್ತದೆ. ಈ ಐಪ್ಪಸಿ ತಿಂಗಳ ಮಳೆಯಲ್ಲಿ ಗಾಳಿ ತಿರುಗ್ತದೆ, ಆಗ ಸ್ವಲ್ಪ ವಾಪಸು ತರ್ತದೆ. ಕೊಡುದು, ತೆಗೊಳ್ಳುದು... ಹೇಗೋ ಸರಿ ಹೋಗ್ತಿತ್ತು. ಆಮೇಲೆ ಬಂದರು ಕಟ್ಟಿದ್ರು, ನನ್ನ ಅಜ್ಜಿಯ ಕಾಲದಲ್ಲಿ. ಕಲ್ಲಿನ ಕೈಯನ್ನು ಕಡಲಿನ ಒಳಗೆ ಚಾಚಿ ಇಟ್ರು. ಈಗ ನಮ್ಮ ಐತಪ್ಪ ಸಾಂಬಾರಿನ ಬಕೆಟು ಹಿಡ್ಕೊಂಡು ಪಂಕ್ತಿಯಲ್ಲಿ ಬರ್ತಾನೆ ಅಂತ ಇಟ್ಕೊಳ್ಳಿ. ಮೊದಲನೇ ಎಲೆಯವನು ಕೈ ಅಡ್ಡ ಹಾಕಿ ಬಕೆಟನ್ನೇ ಬಗ್ಗಿಸಿಕೊಂಡ್ರೆ ಕೊನೇ ಎಲೆಯವನಿಗೆ ಎಂತ ಉಂಟು? ಒಣ ಅನ್ನ! ಬಂದರಿನ ತೆಂಕಕ್ಕೆ ಮರೀನಾ... ಅದು ಮೊದಲನೇ ಎಲೆ. ಹೋಗಿ ನೋಡಿ, ರಸ್ತೆಯಿಂದ ನೀರಿಗೆ ನಡೆದು ನಡೆದು ಕಾಲು ನೋಯ್ತದೆ, ಅಷ್ಟು ಮರಳು. ಸುಂಡಲ್ ತಿಂತಾರೆ, ಗಾಳಿಪಟ ಹಾರಿಸ್ತಾರೆ, ಕುದುರೆ ಬೇರೆ ಓಡಿಸ್ತಾರೆ. ಯಾರ ಪಾಲಿನ ಮರಳು ಅದು? ನಮ್ಮದು! ಬಂದರಿನ ಬಡಗಿಗೆ ಕೂತ ನಮ್ಮದು. ಇಲ್ಲಿ ತೆರೆ ಬರ್ತದೆ, ಹೊರ್ಲಿಕ್ಕೆ ಮರಳಿಲ್ಲ, ಖಾಲಿ ಕೈ. ಅದು ಸುಮ್ಮನೆ ಹೋಗ್ತದಾ? ನೆಲವನ್ನೇ ಕಿತ್ಕೊಂಡು ಹೋಗ್ತದೆ. ಹಾಗೆ ನಮ್ಮ ಕಣ್ಣೆದುರೇ ಬೀದಿಗಳು ಹೋದವು, ಗುಡಿ ಹೋಯ್ತು, ಬಾವಿ ಹೋಯ್ತು..."

"ಅತ್ತೆ, ದೆವ್ವ ಎಲ್ಲಿ?" ಎಂದ ಮನೀಶ್, ನಗುತ್ತ.

"ಬರ್ತದೆ. ಅವಸರ ಮಾಡ್ಬೇಡ, ನಿನ್ನ ಕಡೆಗೇ ಬರ್ತದೆ."

ಐತಪ್ಪನ ಬಾಯಲ್ಲಿದ್ದ ವೀಳ್ಯ ಹಾಗೇ ನಿಂತಿತು.

"ತೊಂಬತ್ತರ ಹತ್ತಿರ ಹತ್ತಿರ ಅಣ್ಣ ಕಡಲಿಗೆ ತಾಗಿದ ಜಾಗ ತೆಗೊಂಡ. ಕಡಲಿನ ಬಾಯಿಯ ಜಾಗ ಅಂತ ಯಾರಿಗೂ ಬೇಡವಾಗಿತ್ತು, ಅಗ್ಗಕ್ಕೆ ಸಿಕ್ಕಿತು. ಹೋಟೆಲಿನ ಹಾಲಿಗೆ ದನ ಕಟ್ಲಿಕ್ಕೆ, ಸೌದೆ ಹಾಕ್ಲಿಕ್ಕೆ. ಮೂಡಕ್ಕೆ ಕಡಲು, ಮತ್ತೆ ಅಣ್ಣನ ಜಾಗ. ಅದರ ಬೆನ್ನಿಗೆ, ಪಡುವಕ್ಕೆ, ಅಂಜಲೈ ಅಂತ ಒಬ್ಬಳು ಮೀನಿನವಳ ಜಾಗ. ಒಂದು ಗುಡಿಸಲು, ಎದುರಿಗೆ ಬಲೆ ಒಣಗಿಸುವ ಅಂಗಳ. ಅದರಾಚೆ ಬೀದಿ. ಇಬ್ಬರ ನಡುವೆ ಅಣ್ಣ ಒಂದು ಕಲ್ಲು ಹಾಕಿದ. ಬರೀ ಗಡಿಕಲ್ಲಲ್ಲ. ನಮ್ಮ ಊರಿನಲ್ಲಿ ಮಾಡುವ ಹಾಗೆ, ಜಾಗ ಕಾಯುವ ದೈವ ಗುಳಿಗನ ಕಲ್ಲು. ಸೀಯಾಳ ಕೆತ್ತಿ ಇಟ್ಟ, ಹೊದಳು ಬಡಿಸಿದ, ಕೈ ಮುಗಿದು ಹೇಳಿದ... ನಾನು ಪಕ್ಕದಲ್ಲೇ ಇದ್ದೆ, ನನ್ನ ಕಿವಿಯಲ್ಲಿ ಕೇಳಿದ್ದು... 'ಈ ಕಲ್ಲಿನಿಂದ ಮೂಡಕ್ಕೆ ನನ್ನದು, ಪಡುವಕ್ಕೆ ಅವಳದ್ದು. ದಾಟಿ ಬಂದವರು ಯಾರೇ ಇರ್ಲಿ, ನೀನೇ ನೋಡಿಕೋ.' ಯಾರೇ ಇರ್ಲಿ! ಕೇಳಿದ್ರಾ? ಊರಿನಲ್ಲಾದ್ರೆ ಅದು ಸರಿ ಮಾರಾಯ್ರೆ. ಅಲ್ಲಿ ಗದ್ದೆ ಇದ್ದಲ್ಲಿ ಇರ್ತದೆ, ಗುಡ್ಡ ಇದ್ದಲ್ಲಿ ಇರ್ತದೆ. ಇಲ್ಲಿ ನೆಲವೇ ನಡೀತದೆ. ನಡೆಯುವ ನೆಲಕ್ಕೆ ಗುಳಿಗನನ್ನು ಕಾವಲು ಹಾಕ್ತಾರಾ ಯಾರಾದ್ರೂ? ನಮ್ಮವರು ಹಾಕ್ತಾರೆ! ಎಲ್ಲಿ ಹೋದ್ರೂ ಊರನ್ನು ಗಂಟು ಕಟ್ಟಿಕೊಂಡು ಹೋಗುವ ಜನ ನಾವು."

ನಮಿತಾಳಿಗೆ ಅದು ತನಗೇ ಹೇಳಿದಂತೆ ಕೇಳಿತು. ಬೆಳಿಗ್ಗೆ ಒಲೆಯ ಕಲ್ಲು ಇಡುವಾಗ ಅವಳು ತವರಿನ ಪದ್ಧತಿಯಂತೆಯೇ ಮೂಡಕ್ಕೆ ಮುಖ ಮಾಡಿ ಇಟ್ಟಿದ್ದಳು.

"ಅಂಜಲೈಗೆ ಇದು ದೇವರ ಕಲ್ಲು ಅಂತ ಗೊತ್ತಾಯ್ತು. ಪಾಪ, ದಿನಾ ಮೀನು ಮಾರಿ ಬಂದು, ಕೈಕಾಲು ತೊಳೆದು, ತಲೆಯಲ್ಲಿದ್ದ ಹೂವಿನಲ್ಲಿ ಒಂದು ತುಂಡು ಕಿತ್ತು ಕಲ್ಲಿಗೆ ಇಡ್ತಿದ್ಳು. ಗಟ್ಟಿ ಹೆಂಗಸು. ಗಂಡ ಕಡಲಿಗೆ ಹೋದವ ಬರ್ಲಿಲ್ಲ, ಮಕ್ಕಳಿಲ್ಲ, ಬಾಯಿ ಜೋರು. ನನ್ನ ಹತ್ರ ಮಾತ್ರ ಪ್ರೀತಿ. ಅಡುಗೆಮನೆಯಲ್ಲೇ ವರ್ಷ ಕಳೆದ ನನಗೆ ಆಗಲೂ ತಮಿಳು ಅರೆಬರೆ, ಅವಳಿಗೆ ಕನ್ನಡ ಒಂದಕ್ಷರ ಬರ್ತಿರ್ಲಿಲ್ಲ, ಆದ್ರೂ ಗಂಟೆಗಟ್ಟಲೆ ಮಾತು... ಮತ್ತೆ ಒಂದು ಮಳೆಗಾಲ ಕಡಲು ಬಂತು. ಅಣ್ಣನ ಜಾಗದಲ್ಲಿ ಮೂಡಬದಿಯ ತೆಂಗಿನಮರ ಹೋಯ್ತು, ಸೌದೆ ಕೊಟ್ಟಿಗೆ ಹೋಯ್ತು. ಮಳೆ ಬಿಟ್ಟ ಮೇಲೆ ಒಂದು ದಿನ ನೋಡ್ತೇನೆ, ಕಲ್ಲು ಇದ್ದಲ್ಲಿ ಇಲ್ಲ! ಅಂಜಲೈಯ ಅಂಗಳದ ಒಳಗೆ ಉಂಟು. ಅವಳು ಬಲೆ ಕಟ್ಟುವ ಕಂಬದ ಹತ್ರ. 'ಅಣ್ಣ, ಇದೆಂತ ಅನ್ಯಾಯ?' ಅಂದೆ. 'ಕಡಲು ನನ್ನನ್ನು ದೂಡ್ತಾ ಉಂಟು ಅಕ್ಕು, ನಾನು ಎಲ್ಲಿಗೆ ಹೋಗ್ಲಿ? ನಾನು ದುಡ್ಡು ಕೊಟ್ಟಷ್ಟು ಜಾಗ ನನಗೆ ಬೇಕು' ಅಂದ. ಕಡಲು ಮೂಡದಿಂದ ದೂಡಿದಷ್ಟು ಇವನು ಪಡುವಕ್ಕೆ ದೂಡುದು! ಕಡಲಿಗೆ ಕಣ್ಣಿಲ್ಲ, ಯಾರ ಅಂಗಳ ಅಂತ ಅದಕ್ಕೆ ಕಾಣುದಿಲ್ಲ. ಇವನಿಗೆ ಕಣ್ಣಿರ್ಲಿಲ್ವಾ? ಎದುರಿಗೇ ಅವಳ ಅನ್ನದ ಮಡಕೆ ಕಾಣ್ತಿತ್ತಲ್ಲ!"

ಅಕ್ಕುವಿನ ಸ್ವರ ಎಷ್ಟು ಏರಿತೆಂದರೆ, ಕಣ್ಣು ಮುಚ್ಚುತ್ತಿದ್ದ ಪಾವನಾ ಬೆಚ್ಚಿ, ಮತ್ತೆ ಮಗ್ಗುಲು ಬದಲಿಸಿ ನಿದ್ದೆಹೋದಳು. ಅಕ್ಕು ಅವಳ ಬೆನ್ನು ತಟ್ಟಿದಳು.

"ಅವಳು ಕೇಳ್ಲಿಕ್ಕೆ ಬಂದ್ಳು. ಅಣ್ಣ ಎಂತ ಹೇಳಿದ, ಗೊತ್ತುಂಟಾ? 'ನಾನು ಸರಿಸಿದ್ದಲ್ಲ, ದೈವವೇ ಸರಿದದ್ದು. ಮುಟ್ಟಿದ್ರೆ ರಕ್ತ ಕಾರ್ತೀಯ.' ಅವಳು ನಂಬಿದಳು. ಮೊದಲನೇ ಸಲ ನಂಬಿದಳು! ಅಂಗಳದ ಒಳಗೆ ಬಂದ ಕಲ್ಲಿಗೂ ಹೂ ಇಟ್ಟಳು. ನನಗೆ ಆಗ ಅಣ್ಣನ ಕೆನ್ನೆಗೆ ಹೊಡೀಬೇಕು ಅಂತ ಕಂಡಿತು... ಮತ್ತೆ ಇನ್ನೊಂದು ಮಳೆಗಾಲ. ಮತ್ತೆ ಒಂದು. ಕಡಲು ಒಂದು ತುಂಡು ತಿಂದ್ರೆ ಕಲ್ಲು ಒಂದು ತುಂಡು ನಡೀತದೆ. ಅಂಗಳ ಮುಗಿದು ಗುಡಿಸಲಿನ ಗೋಡೆಗೆ ಬಂತು. ತೊಂಬತ್ತೆಂಟರ ಮಳೆಯಲ್ಲಿ, ಒಂದು ಬೆಳಿಗ್ಗೆ, ಅವಳು ಬಾಗಿಲು ತೆಗೆದು ನೋಡ್ತಾಳೆ... ಕಲ್ಲು ಬೀದಿ ಬದಿಗೆ ಉಂಟು. ಗುಡಿಸಲು ಪೂರಾ ಮೂಡಬದಿಗೆ. ಅಂದ್ರೆ ಅಣ್ಣನದ್ದು! ಅವನು ಆಳುಗಳನ್ನು ಕರ್ಕೊಂಡು ಗುಡಿಸಲಿನ ಮಾಡಿನ ಗರಿ ಇಳಿಸ್ಲಿಕ್ಕೆ ನಿಂತಿದ್ದಾನೆ. ದನ ಕಟ್ಲಿಕ್ಕೆ ಜಾಗ ಬೇಕಲ್ಲ ಅವನಿಗೆ! ಒಂದು ಹೆಂಗಸನ್ನು ಎಬ್ಬಿಸಿ ದನ ಕಟ್ಟುದು!"

ಮನೀಶ್ ಈಗ ನಗುತ್ತಿರಲಿಲ್ಲ. "ದೊಡ್ಡಪ್ಪ ಹಾಗೆ ಮಾಡಿರಲಿಕ್ಕಿಲ್ಲ," ಎಂದ.

"ಬಾಯಿ ಮುಚ್ಚು. ನೀನು ಆಗ ಊರಿನಲ್ಲಿದ್ದೆ. ನಾನು ಇಲ್ಲಿ ನೋಡ್ತಾ ನಿಂತಿದ್ದೆ... ಅಂಜಲೈ ಅಳ್ಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು, 'ಕಡಲ್ ಎಡುತ್ತಾ ಕೇಕ್ಕಮಾಟ್ಟೇನ್. ನೀ ಎಡುತ್ತಾ ವಿಡಮಾಟ್ಟೇನ್.' ಕಡಲು ತೆಗೊಂಡ್ರೆ ಕೇಳುದಿಲ್ಲ, ನೀನು ತೆಗೊಂಡ್ರೆ ಬಿಡುದಿಲ್ಲ! ಹೇಳಿದವಳು ಒಳಗೆ ಹೋಗಿ ಬಟ್ಟೆ ಸುತ್ತಿ ಸಿಂಬೆ ಮಾಡಿ ತಲೆಗಿಟ್ಟಳು, ಬಂದು ಆ ಕಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ರಕ್ತ ಕಾರ್ಲಿಲ್ಲ. ಎಂತದೂ ಆಗ್ಲಿಲ್ಲ. ಮೀನಿನ ಬುಟ್ಟಿ ಹೊರುವ ಹಾಗೆ ತಲೆ ಮೇಲೆ ಇಟ್ಕೊಂಡು ನಡೆದಳು... ಎಲ್ಲಿಗೆ? ಕಡಲಿಗೆ! ನೀರು ಇಳಿದಿತ್ತು ಆಗ. ಮೊಣಕಾಲು, ಸೊಂಟ, ಎದೆ... ದಡದಲ್ಲಿ ಮೀನುಗಾರರ ಕುಪ್ಪದ ಜನ ಎಲ್ಲ ಸೇರಿ ಕೂಗ್ತಾ ಇದ್ದಾರೆ, ನಾನು ಕೂಗ್ತಾ ಇದ್ದೇನೆ, ಅವಳು ತಿರುಗಿ ನೋಡ್ಬೇಕಲ್ಲ! ಮೊದಲು ಆ ಕಲ್ಲು ಇದ್ದ ಜಾಗ ಉಂಟಲ್ಲ, ಅಣ್ಣ ಸೀಯಾಳ ಇಟ್ಟು ಆಣೆ ಮಾಡಿದ ಜಾಗ, ಅಲ್ಲಿಗೆ ಹೋಗಿ ನಿಂತಳು. ಬಗ್ಗಿ ಇಟ್ಟಳು. ಮುಳುಗಿ, ಕೈಯಲ್ಲಿ ಒತ್ತಿ ಕೂರಿಸಿ, ಮೇಲೆ ಬಂದು ದಡಕ್ಕೆ ಕೇಳುವ ಹಾಗೆ ಕೂಗಿದಳು... 'ಮೊದಲಾಳಿ! ಇಂಗ ಇರುಕ್ಕು ಒನ್ ಎಡಂ!' ಧಣೀ, ಇಲ್ಲಿ ಉಂಟು ನಿನ್ನ ಜಾಗ ಅಂತ. ಮತ್ತೆ ಒಂದು ತೆರೆ ಬಂತು. ದೊಡ್ಡದೇನಲ್ಲ. ಹೋದ ಮೇಲೆ ನೋಡ್ತೇವೆ, ಅವಳಿಲ್ಲ. ಹುಡುಗರು ಈಜಿ ಹುಡುಕಿದ್ರು, ಕಟ್ಟುಮರ ಹಾಕಿ ಹುಡುಕಿದ್ರು... ಹೆಣವೂ ಸಿಗ್ಲಿಲ್ಲ."

ಐತಪ್ಪ ಮೆಲ್ಲಗೆ "ನಾರಾಯಣ" ಎಂದ.

"ಈಗ ನೀವೇ ಹೇಳಿ, ಇಷ್ಟಾದ ಮೇಲಾದ್ರೂ ಮನುಷ್ಯನಿಗೆ ಬುದ್ಧಿ ಬರ್ಬೇಕಾ ಬೇಡ್ವಾ? ಬರ್ಲಿಲ್ಲ. ಗುಡಿಸಲು ಕಿತ್ತು ಹಾಕಿದ, ಹೊಸ ಕಲ್ಲು ತರಿಸಿ ಬೀದಿ ಬದಿಗೆ ನೆಟ್ಟ. ಬೆಳಿಗ್ಗೆ ನೋಡಿದ್ರೆ ಇಲ್ಲ! ಹುಡುಗರ ಕೆಲಸ ಅಂತ ಬೈದು ಇನ್ನೊಂದು ನೆಟ್ಟ. ಅದೂ ಇಲ್ಲ. ಸಿಮೆಂಟು ಹಾಕಿ ನೆಟ್ಟ... ಬೆಳಿಗ್ಗೆ ಬರೀ ಗುಂಡಿ, ಗುಂಡಿ ತುಂಬ ಉಪ್ಪುನೀರು. ಮತ್ತೆ ಹೋಟೆಲಿನಲ್ಲಿ ಶುರುವಾಯ್ತು. ಅವನ ಲೋಟದ ಕಾಫಿ ಮಾತ್ರ ಉಪ್ಪು. ಅದೇ ಹಾಲು, ಅದೇ ಡಿಕಾಕ್ಷನ್, ಪಕ್ಕದ ಲೋಟ ಸರಿ ಉಂಟು, ಇವನದ್ದು ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ. ನಾನೇ ಕುಡಿದು ನೋಡಿದ್ದೇನೆ. ನಾನು ಅಂದೆ, 'ಅಣ್ಣ, ಆಣೆ ಮಾಡಿದ್ದು ನೀನೇ. ದಾಟಿದವರು ಯಾರೇ ಇರ್ಲಿ ಅಂದದ್ದು ನೀನೇ. ಅವಳು ಕಲ್ಲನ್ನು ಅದರ ಜಾಗಕ್ಕೆ ಇಟ್ಟು ಹೋಗಿದ್ದಾಳೆ. ಈಗ ದಾಟಿ ನಿಂತದ್ದು ಯಾರು? ಗುಳಿಗ ಇನ್ನು ನಿನ್ನನ್ನು ಕಾಯ್ತಾನಾ? ದನ ಬಿಚ್ಚು, ಬೀದಿಗೆ ಬಾ.' ಕೇಳ್ಲಿಲ್ಲ."

ಅಕ್ಕು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮತ್ತೆ ಒಂದು ಮಧ್ಯಾಹ್ನ. ಊಟದ ಹೊತ್ತು, ಹೋಟೆಲು ತುಂಬ ಜನ, ಹೊರಗೆ ಹೀಗೇ ಮಳೆ. ಅಣ್ಣ ಗಲ್ಲಾದಲ್ಲಿ ಕೂತಿದ್ದಾನೆ, ನಾನು ಅಲ್ಲಿ ಬಾಳೆಎಲೆ ಒರೆಸ್ತಾ ಇದ್ದೇನೆ. ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ತಲೆಯ ಸಿಂಬೆ ಹಾಗೇ ಉಂಟು. ಸೀರೆಯಿಂದ ನೀರು ಸುರೀತಾ ಉಂಟು... ಮಳೆಗೆ ಎಲ್ಲರ ಸೀರೆಯಿಂದಲೂ ಸುರೀತದೆ ಅಂತೀರಿ, ಆದ್ರೆ ಇದು ನಿಲ್ಲುದಿಲ್ಲ ಮಾರಾಯ್ರೆ, ಸುರೀತಾನೇ ಉಂಟು. ಊಟಕ್ಕೆ ಕೂತವರು ಯಾರೂ ತಲೆ ಎತ್ತಲಿಲ್ಲ. ನನಗೆ ಕಂಡಿತು, ಅಣ್ಣನಿಗೆ ಕಂಡಿತು. 'ವಾ ಮೊದಲಾಳಿ, ಒನ್ ಎಡತ್ತ ಕಾಟ್ರೇನ್' ಅಂದಳು. ಬಾ, ನಿನ್ನ ಜಾಗ ತೋರಿಸ್ತೇನೆ. ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ಆ ಸ್ವರ ಕೇಳಿದ್ರೆ ಗೊತ್ತಾಗ್ತಿತ್ತು, ಅಷ್ಟು ಸಿಟ್ಟು ಒಳಗಿದ್ದವಳು ಕೂಗುದಿಲ್ಲ. ಅಣ್ಣ ಎದ್ದ. ಗಲ್ಲಾ ತೆಗೆದೇ ಉಂಟು, ಚಪ್ಪಲಿ ಹಾಕ್ಲಿಲ್ಲ, ಕೊಡೆ ಹಿಡೀಲಿಲ್ಲ. ನಾನು ಹಿಂದಿನಿಂದ ಕೂಗಿ ಕೂಗಿ ಓಡಿದೆ. ದಡಕ್ಕೆ ಬಂದು ನೋಡ್ತೇನೆ... ಅವನು ನೀರಿನಲ್ಲಿ ಹೋಗ್ತಾ ಇದ್ದಾನೆ. ಹೇಗೆ? ಜಾಗ ನೋಡ್ಲಿಕ್ಕೆ ಹೋದವರು ಹೇಗೆ ಹೋಗ್ತಾರೆ, ಹಾಗೆ! ಆಚೆ ನೋಡ್ತಾನೆ, ಈಚೆ ನೋಡ್ತಾನೆ, ಮುಂದೆ ಯಾರೋ ತೋರಿಸಿದ ಹಾಗೆ ತಲೆ ಆಡಿಸ್ತಾನೆ. ಎದೆ ಮಟ್ಟ ನೀರಿನಲ್ಲಿ ಬಗ್ಗಿ ಕಲ್ಲು ಮುಟ್ಟಿ ನೋಡಿದ. ಮತ್ತೆ ಅದನ್ನು ದಾಟಿ ಆಚೆ ಬದಿಗೆ... ಅವನ ಜಾಗಕ್ಕೆ... ಹೋದ. ಬಂಡೆ ಎಲ್ಲಿ, ಜಾರಿದ್ದು ಎಲ್ಲಿ? ಅವನು ಮುಳುಗಲಿಲ್ಲ. ನಡೆದ."

ದೀಪದ ಬೆಳಕು ಮಂಕಾಗುತ್ತಿತ್ತು. ಮನೀಶ್ ಎದ್ದು ಅದನ್ನು ಒಮ್ಮೆ ಕುಟ್ಟಿ ಮತ್ತೆ ಕೂತ. ಅವನಿಗೆ ಸಿಟ್ಟು ಬಂದಿತ್ತು.

"ಸರಿ ಅತ್ತೆ, ಆಯ್ತು. ಹತ್ತು ವರ್ಷದ ಹಿಂದಿನ ಮಾತು. ಈಗ ಸರ್ಕಾರದವರು ಕಡಲಿನ ಒಳಕ್ಕೆ ಕಲ್ಲಿನ ದಿಬ್ಬ ಚಾಚಿದ್ದಾರೆ, ಹೋಗುವ ಮರಳು ಅಲ್ಲಿ ನಿಂತಿದೆ, ನೆಲ ವಾಪಸು ಬಂದಿದೆ. ನಾನು ಯಾರ ಗುಡಿಸಲೂ ಕಿತ್ತಿಲ್ಲ. ನಮ್ಮ ಜಾಗ ನಾವು ತೆಗೊಳ್ಳುವುದರಲ್ಲಿ ಏನು ತಪ್ಪು?"

"ನಮ್ಮ ಜಾಗ!" ಅಕ್ಕು ಬೆಂಚಿನ ಮೇಲೆ ಕೈ ಬಡಿದಳು. "ಎಲ್ಲಿ ಉಂಟು ನಮ್ಮ ಜಾಗ? ಅಣ್ಣ ಹೋದ ಮೇಲೆ ಅಂಜಲೈಯ ಜಾಗವನ್ನೂ ಕಡಲು ತಿಂದಿತ್ತಲ್ಲ, ಬೀದಿಯವರೆಗೆ. ಈಗ ಮರಳು ಎಲ್ಲಿವರೆಗೆ ಬಂದಿದೆ, ಕಣ್ಣು ಬಿಟ್ಟು ನೋಡಿದ್ದೀಯಾ? ಅಂಜಲೈಯ ಗುಡಿಸಲು ಇದ್ದಲ್ಲಿ ಬಂದಿದೆ. ಅವಳ ಅಂಗಳ ಇದ್ದಲ್ಲಿ ಬಂದಿದೆ. ಅವಳು ಕಲ್ಲು ಇಟ್ಟ ಜಾಗಕ್ಕೆ ಇನ್ನೂ ಬಂದಿಲ್ಲ, ಅಲ್ಲಿ ಈಗಲೂ ಎದೆ ಮಟ್ಟ ನೀರು. ಕಡಲು ಕೊಟ್ಟದ್ದು ನಿನಗಲ್ಲ, ಅವಳಿಗೆ. ನಮ್ಮದು ಇನ್ನೂ ನೀರಿನ ಅಡಿಯಲ್ಲೇ ಉಂಟು. ಬೇಕಾದ್ರೆ ಅಲ್ಲಿ ಹೋಗಿ ಕಂಬ ಹಾಕು!"

ಮನೀಶ್ ಮುಖ ಬೇರೆ ಕಡೆಗೆ ತಿರುಗಿಸಿದ. ನಮಿತಾಳಿಗೆ ಅವನ ಸೋಲು ಸಹಿಸಲಾಗಲಿಲ್ಲ. ಇಷ್ಟು ವರ್ಷ ಈ ಹೊಗೆಯಲ್ಲಿ ಬದುಕಿದ್ದು ಸಾಕು, ಸತ್ತವರಿಗೆ ಜಾಗ ಏಕೆ, ಬದುಕಿರುವ ತನಗೆ ಬೇಕು ಎನಿಸಿತು. "ಅತ್ತೆ," ಎಂದಳು, "ಅವಳಿಗೆ ಮಕ್ಕಳಿಲ್ಲ ಅಂತ ನೀವೇ ಹೇಳಿದಿರಿ. ಕೇಳುವವರು ಯಾರೂ ಇಲ್ಲವಲ್ಲ. ಏನಾದರೂ ಪೂಜೆ ಮಾಡಿಸಿ, ಅವಳ ಹೆಸರಿನಲ್ಲಿ ನಾಲ್ಕು ಜನಕ್ಕೆ ಊಟ ಹಾಕಿದರೆ ಆಗುವುದಿಲ್ಲವಾ? ನನಗೆ ಆ ಮನೆ ಬೇಕು."

ಅಕ್ಕು ಅವಳ ಕಡೆಗೆ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟಿನ ಜೊತೆಗೆ ಇನ್ನೇನೋ ಇತ್ತು.

"ಕೇಳುವವರಿಲ್ಲವಾ? ಇವತ್ತು ಮಧ್ಯಾಹ್ನ ನೀನು ಮೇಲೆ ಮಲಗಿದ್ದೆ. ನಾನು ಹಿತ್ತಿಲ ಬಾಗಿಲಲ್ಲಿ ತೆಂಗಿನಕಾಯಿ ಸುಲೀತಾ ಇದ್ದೆ. ಮಳೆಯಲ್ಲಿ ಒಬ್ಬಳು ಬಂದು ನಿಂತಳು. ಕೊಡೆಯಿಲ್ಲ, ಸೆರಗು ಮುಖಕ್ಕೆ ಎಳ್ಕೊಂಡಿದ್ದಾಳೆ. ಮನೀಶನನ್ನು ಕೇಳ್ಲಿಲ್ಲ. ಕಂಬದ ಮಾತೇ ಎತ್ತಲಿಲ್ಲ. 'ಒಲೆಗೆ ಮೂರು ಕಲ್ಲು ಇಟ್ಟು ಹೋದವಳು ಎಲ್ಲಿ?' ಅಂತ ಕೇಳಿದಳು. ಯಾವ ಒಲೆ, ಯಾವ ಕಲ್ಲು, ನನಗೆ ಗೊತ್ತಿಲ್ಲ ಅಂದೆ. 'ಸರಿ, ಅವಳು ಎದ್ದ ಮೇಲೆ ಬರ್ತೇನೆ' ಅಂದಳು."

ಬೆಳಿಗ್ಗೆ ಆ ಮರಳಿನಲ್ಲಿ ಒಂದು ನಾಯಿಯೂ ಇರಲಿಲ್ಲ. ನಮಿತಾ ಚೆನ್ನಾಗಿ ನೋಡಿಕೊಂಡೇ ಹೋಗಿದ್ದಳು.

"ಯಾವ ಒಲೆ?" ಎಂದು ಕೇಳಿದ ಮನೀಶ್.

"ನಾನೇ ಇಟ್ಟದ್ದು," ಎಂದಳು ನಮಿತಾ. "ಬೆಳಿಗ್ಗೆ ಹೋಗಿ ಇಟ್ಟು ಬಂದೆ. ಯಾರಿಗೂ ಹೇಳಿರಲಿಲ್ಲ... ರೀ, ಕಂಬ ಕೀಳಿಸಿ. ತಗಡಿನವರಿಗೆ ಈಗಲೇ ಫೋನ್ ಮಾಡಿ ಬೇಡ ಅನ್ನಿ. ನನಗೆ ಆ ಮನೆ ಬೇಡ."

ಮನೀಶ್ ಫೋನು ಕೈಗೆತ್ತಿಕೊಂಡ. ಆದರೆ ನಂಬರು ಒತ್ತಲಿಲ್ಲ. ಯೋಚಿಸಿ, ಒಂದು ಬಿಡುಗಡೆಯ ದಾರಿ ಸಿಕ್ಕವನಂತೆ ಕೇಳಿದ, "ಅತ್ತೆ, ಅವಳು ನಿಮ್ಮ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದಳು?"

"ಕನ್ನಡದಲ್ಲಿ."

"ನೋಡಿದಿರಾ!" ಮನೀಶ್ ದೊಡ್ಡದಾಗಿ ಉಸಿರು ಬಿಟ್ಟ, ನಗಲೂ ನೋಡಿದ. "ಆ ಅಂಜಲೈಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ ಅಂತ ನೀವೇ ಹೇಳಿದಿರಿ. ನಮ್ಮವರೇ ಯಾರೋ ಬಂದು ಹೋಗಿದ್ದಾರೆ. ಸುಮ್ಮನೆ ಹೆದರಿಸುತ್ತೀರಿ."

ಅಕ್ಕು ಅವನನ್ನು ನೋಡಿದಳು. ಈಗ ಅವಳ ಸ್ವರದಲ್ಲಿ ಏರು ಇರಲಿಲ್ಲ.

"ನಾನೂ ಮೊದಲು ಹಾಗೇ ಅಂದ್ಕೊಂಡೆ. ನಮ್ಮ ಊರಿನದ್ದೇ ಕನ್ನಡ. ಆದ್ರೆ ಆ ಎಳೆದು ಎಳೆದು ಹೇಳುವ ರೀತಿ, ಮಾತಿನ ಮಧ್ಯೆ ಗಂಟಲು ಸರಿ ಮಾಡುದು... ಅಣ್ಣ ಹಾಗೆ ಮಾತಾಡ್ತಿದ್ದ. ಅವನನ್ನು ಬಿಟ್ಟು ಬೇರೆ ಯಾರೂ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ. ಹತ್ತು ವರ್ಷದಿಂದ ಅಲ್ಲಿ ಕೆಳಗೆ ಇರುದು ಅವರಿಬ್ಬರೇ ಮಗಾ. ಕಲಿಯದೆ ಇರ್ತಾಳಾ?"